ಲಿಥಿಯಂ ಸಿಕ್ಕಿದೆ, ಸರಿ, ತೆಗೆಯುವುದು ಹೇಗೆ?

2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ 59 ಲಕ್ಷ ಟನ್ ಪತ್ತೆ ಎಂದು ದೊಡ್ಡ ಸುದ್ದಿಯಾಯಿತು. ಆ ಅಂಕಿ ಲೋಹದ್ದಲ್ಲ, ಅದಿರಿನದು. ಅದೂ ಜಿ3 ಹಂತದ, ಅಂದರೆ ಪ್ರಾಥಮಿಕ ಶೋಧದ ಅಂದಾಜು. ಹತ್ತಿರ ಹತ್ತಿರ ಬೋರ್ ಕೊರೆದು ಹೆಚ್ಚು ಖಚಿತವಾದ ಜಿ2, ಜಿ1 ಹಂತಕ್ಕೆ ತರುವವರೆಗೆ ಗಣಿಗೆ ದುಡ್ಡು ಹಾಕುವವರಿಗೆ ಧೈರ್ಯ ಬರುವುದಿಲ್ಲ. ಸಾಲದ್ದಕ್ಕೆ ಅಲ್ಲಿನ ಲಿಥಿಯಂ ಇರುವುದು ಜೇಡಿಮಣ್ಣಿನಲ್ಲಿ. ಅದರಿಂದ ಲಿಥಿಯಂ ತೆಗೆಯುವ ವಿಧಾನ ಇನ್ನೂ ಅಷ್ಟಾಗಿ ರೂಢಿಯಲ್ಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಹರಾಜಿಗಿಟ್ಟಾಗ ಬೇಕಿದ್ದ ಕನಿಷ್ಠ ಮೂವರು ಅರ್ಹ ಬಿಡ್‌ದಾರರೂ ಸಿಗದೆ ಹರಾಜು ರದ್ದಾಯಿತು.

ಕಾನೂನಿನ ಕಡೆ ಕೆಲಸ ಆಗಿದೆ. ಗಣಿ ಮತ್ತು ಖನಿಜ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದ 24 ಖನಿಜಗಳ ಹರಾಜು ಕೇಂದ್ರದ ಕೈಗೆ ಬಂತು. ಸರ್ಕಾರಿ ಸಂಸ್ಥೆಗಳಿಗಷ್ಟೇ ಮೀಸಲಾದ ಪರಮಾಣು ಖನಿಜಗಳ ಪಟ್ಟಿಯಿಂದ ಲಿಥಿಯಂ ಹೊರಬಂತು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಸಂಪುಟ ಒಪ್ಪಿತು.

ನಿಜವಾದ ಕಷ್ಟ ಗಣಿಯ ಆಚೆಗಿದೆ. ಲಿಥಿಯಂ ಇರುವ ಗಟ್ಟಿ ಕಲ್ಲಿನ ಖನಿಜವಾದ ಸ್ಪೋಡುಮಿನ್ ಅದಿರನ್ನೇ ನೋಡಿ. ಮೊದಲು ಪುಡಿ ಮಾಡಿ, ಲಿಥಿಯಂ ಆಕ್ಸೈಡ್ ಸುಮಾರು 6% ಆಗುವಂತೆ ಸಾಂದ್ರಗೊಳಿಸಬೇಕು. ಆಮೇಲೆ 1,050 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡಬೇಕು. ಶಾಖ ಕಡಿಮೆಯಾದರೆ ಹರಳಿನ ರಚನೆ ಬದಲಾಗದೆ ಆಮ್ಲ ಒಳಗೆ ಇಳಿಯುವುದೇ ಇಲ್ಲ. ಹೆಚ್ಚಾದರೆ ಪುಡಿ ಕರಗಿ ಗಟ್ಟಿಕಟ್ಟುತ್ತದೆ. ಬಳಿಕ ಗಂಧಕಾಮ್ಲ ಸೇರಿಸಿ 250 ಡಿಗ್ರಿಯಲ್ಲಿ ಹುರಿದು, ನೀರಿನಲ್ಲಿ ಕರಗಿಸಿ, ಕಬ್ಬಿಣ, ಅಲ್ಯೂಮಿನಿಯಂ, ಮೆಗ್ನೀಸಿಯಂ ತೆಗೆದು, ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಹಾಕಿ ಲಿಥಿಯಂ ಕಾರ್ಬೊನೇಟ್ ಇಳಿಸುತ್ತಾರೆ. ಇದನ್ನು ದ್ರಾವಣ ಬಿಸಿಯಿರುವಾಗಲೇ ಮಾಡಬೇಕು, ಏಕೆಂದರೆ ತಣ್ಣಗಾದಷ್ಟೂ ಕಾರ್ಬೊನೇಟ್ ನೀರಿನಲ್ಲೇ ಹೆಚ್ಚು ಉಳಿದುಬಿಡುತ್ತದೆ. ಇದರಲ್ಲಿ ಕೈ ಪಳಗದಿದ್ದರೆ ಅಗೆದ ಅದಿರು ಹಡಗು ಹತ್ತಿ ಹೊರದೇಶಕ್ಕೇ ಹೋಗುತ್ತದೆ.

ಮಂಡ್ಯದ ಮರಳಗಾಲದಲ್ಲಿ ಅಂದಾಜಿಸಿದ್ದು 1,600 ಟನ್ ಲಿಥಿಯಂ. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ 8 ಕೆ.ಜಿ. ಎಂದಿಟ್ಟುಕೊಂಡರೆ, ಒಂದಿಷ್ಟೂ ಪೋಲಾಗದಿದ್ದರೂ 2 ಲಕ್ಷ ಕಾರಿಗಷ್ಟೇ ಸಾಕು. ಹಾಗಾಗಿ ಗಣಿ ಪ್ರದೇಶವನ್ನು (ಬ್ಲಾಕ್) ಹರಾಜಿಗಿಡುವ ಮೊದಲೇ ಆ ಅದಿರಿನಿಂದ ಎಷ್ಟು ಶೇಕಡಾ ಲಿಥಿಯಂ ಹೊರಬರುತ್ತದೆ ಎಂಬ ಪ್ರಯೋಗಾಲಯದ ವರದಿಯನ್ನೂ ಸರ್ಕಾರ ಕೊಡಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೇಗ ಫಲ ಕೊಡುವುದು ಹಳೆಯ ಬ್ಯಾಟರಿಗಳ ಮರುಬಳಕೆ. 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ 1,500 ಕೋಟಿಯ ಯೋಜನೆ ಯಂತ್ರಗಳ ವೆಚ್ಚಕ್ಕೆ 20% ಸಬ್ಸಿಡಿ ಕೊಡುತ್ತದೆ. ಬ್ಯಾಟರಿ ಪುಡಿ ಮಾಡಿ ಆ ಲೋಹಮಿಶ್ರಿತ ಕಪ್ಪು ಪುಡಿಯನ್ನು (ಬ್ಲ್ಯಾಕ್ ಮಾಸ್) ಹಾಗೇ ಮಾರುವವರಿಗೆ ಇದು ಸಿಗದು, ಖನಿಜವನ್ನೇ ಬೇರ್ಪಡಿಸಬೇಕು. ಬಹಳ ಒಳ್ಳೆಯ ಷರತ್ತು. ಆದರೆ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಬ್ಯಾಟರಿಯಲ್ಲಿ ದುಬಾರಿ ಲೋಹಗಳಾದ ಕೋಬಾಲ್ಟ್, ನಿಕಲ್ ಇಲ್ಲ. ಲಿಥಿಯಂ ಬೆಲೆ ಕುಸಿದಾಗ ಅಂಥ ಬ್ಯಾಟರಿ ಬಿಚ್ಚುವ ಖರ್ಚೂ ಹುಟ್ಟುವುದಿಲ್ಲ. ಆ ಬ್ಯಾಟರಿಗಳಿಗೆ ಪ್ರೋತ್ಸಾಹಧನದ ದರ ಬೇರೆಯೇ ಇರಬೇಕು.