ಆಕಿ ಹೋದ್ಲೋ, ಅಲ್ಲೇ ನಿಂತಾಳೋ?

ರಾತ್ರಿ ಎಂಟಾದರೆ ನಮ್ಮವ್ವ ಟಿವಿ ಮುಂದೆ ಕೂರುತ್ತಾಳೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಧಾರಾವಾಹಿ ಮಾತ್ರ ಬಿಟ್ಟಿಲ್ಲ. ಮಾತು ನಡೆಯುವಾಗ ಅವಳಿಗೆ ಎಲ್ಲ ತಿಳಿಯುತ್ತದೆ. ಮಾತು ನಿಂತು ಬರೀ ಸಂಗೀತ ಶುರುವಾದರೆ ಸಾಕು, ಕೇಳುತ್ತಾಳೆ: “ಆಕಿ ಹೋದ್ಲೋ, ಅಲ್ಲೇ ನಿಂತಾಳೋ?”

ಹೋದ ತಿಂಗಳು ಹಳೇ ಸೆಟ್‌ಟಾಪ್ ಬಾಕ್ಸ್ ಕೆಟ್ಟಿತು. ಹೊಸದರ ಮೆನುವಿನಲ್ಲಿ ‘ಆಡಿಯೋ ಡಿಸ್ಕ್ರಿಪ್ಷನ್’ ಅಂತ ಒಂದು ಸಾಲು, ಅದರ ಕೆಳಗೆ ‘ಸ್ಟೀರಿಯೋ, ಲೆಫ್ಟ್, ರೈಟ್’. ಕೂಡಿಸಲು ಬಂದ ಹುಡುಗ “ಎರಡೂ ಒಂದೇ ರೀ” ಅಂದ. ಒಂದೇ ಅಲ್ಲ.

ಸ್ಟೀರಿಯೋ ಅಂದರೆ ಸದ್ದು ಯಾವ ಕಡೆಯಿಂದ ಬಂತು ಅನ್ನೋದು. ಇಂಗ್ಲೆಂಡಿನ ಇಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಎರಡರಲ್ಲೂ ಸಮನಾಗಿ ಬಂದದ್ದು ನಡುವಿನಿಂದ ಬಂದ ಹಾಗೆ ಕೇಳುತ್ತದೆ. ಪಾತ್ರಗಳ ಮಾತು ಜಾಸ್ತಿ ಅಲ್ಲೇ ಇರುತ್ತದೆ. ನಮ್ಮ ಬಾಕ್ಸಿನಿಂದ ಸ್ಪೀಕರಿಗೆ ಎರಡು ವೈರು: ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. ನೋಡಿದರೆ ಕೆಂಪು ಪಿನ್ನು ಕಿತ್ತು ಟೇಬಲ್ ಹಿಂದೆ ಧೂಳಲ್ಲಿ ಬಿದ್ದಿತ್ತು. ಒರೆಸಿ ಚುಚ್ಚಿದೆ. ಟಿವಿಯಲ್ಲಿ ಯಾವುದೋ ಬಾಗಿಲು ಕಿರ್ ಅಂತು. ಅವ್ವ ತಟ್ಟನೆ ಮುಖ ತಿರುಗಿಸಿದಳು. “ಬಾಗ್ಲಾ ಈ ಕಡೆ ಐತೇನು?”

ಆದರೆ ಆ ಬಾಗಿಲಲ್ಲಿ ಯಾರು ಬಂದರು? ಅದನ್ನು ಹೇಳೋದೇ ಆಡಿಯೋ ಡಿಸ್ಕ್ರಿಪ್ಷನ್. ಮಾತಿನ ನಡುವೆ ಬಿಡುವು ಸಿಕ್ಕಾಗ ಒಂದು ದನಿ ತೆರೆಯ ಮೇಲಿನದನ್ನು ಚುಟುಕಾಗಿ ಹೇಳುತ್ತದೆ. ಇದು ಎರಡು ಬಗೆಯಲ್ಲಿ ಬರುತ್ತದೆ. ಒಂದು, ಕಾರ್ಯಕ್ರಮದ ಸದ್ದಿನ ಜೊತೆ ವಿವರಣೆಯನ್ನು ಮೊದಲೇ ಬೆರೆಸಿದ ಬೇರೆ ಆಡಿಯೋ. ಭಾಷೆ ಬದಲಿಸಿದ ಹಾಗೆ ಅದನ್ನು ಆರಿಸಿಕೊಳ್ಳಬೇಕು. ಇನ್ನೊಂದರಲ್ಲಿ ವಿವರಣೆಯ ದನಿ ಮಾತ್ರ ಪ್ರತ್ಯೇಕ ಬರುತ್ತದೆ. ಅದನ್ನು ಬಾಕ್ಸೇ ಬೆರೆಸುತ್ತದೆ, ಆ ಹೊತ್ತಿಗೆ ಉಳಿದ ಸದ್ದನ್ನು ತಗ್ಗಿಸುತ್ತದೆ. ಯಾವ ಬಗೆಯಾದರೂ ಚಾನೆಲ್‌ನವರು ಕಳಿಸಿದರೆ ಮಾತ್ರ ಉಂಟು. ಸುಮ್ನೆ ಆನ್ ಮಾಡಿಟ್ಟರೆ ಏನೂ ಕೇಳೋದಿಲ್ಲ.

ಒಂದು ಭಾನುವಾರ ಪೂರ್ತಿ ಕೂತು, ಅವ್ವ ಕೇಳುವ ಕನ್ನಡ ಚಾನೆಲ್‌ಗಳನ್ನೆಲ್ಲ ತಿರುವಿದೆ. ಒಂದರಲ್ಲೂ ಸಿಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ನಿನಲ್ಲಿ ಆಡಿಯೋ ಡಿಸ್ಕ್ರಿಪ್ಷನ್ ಅಂತ ಹೆಸರು ಹಿಡಿದೇ ಬರೆದಿದೆ. ಕಾಯ್ದೆ ಓದಿದ ಮೇಲೆ ಬೇಸರ ಇನ್ನೂ ಜಾಸ್ತಿಯಾಯಿತು.

ಇಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಅವ್ವನ ಕಿವಿಯ ಹತ್ತಿರ ನಿಂತು ನಾನೇ ಹೇಳುತ್ತೇನೆ: ತೇರು ಅಲುಗಿತು, ಉತ್ತತ್ತಿ ಎಸೆದರು, ಕಳಸಕ್ಕೆ ಬಿಸಿಲು ಬಿದ್ದಿದೆ. ಅಲ್ಲಿ ಎಷ್ಟು ಉದ್ದ ಹೇಳಿದರೂ ನಡೆಯುತ್ತದೆ. ಟಿವಿ ಮುಂದೆ ಹಾಗಲ್ಲ. ಮೊದಲ ದಿನ ನಾನು ಸೀರೆ ಬಣ್ಣದಿಂದ ಶುರು ಮಾಡಿದೆ, ಅಷ್ಟರಲ್ಲಿ ಮಾತು ಬಂತು. “ಸುಮ್ನಿರು, ಮಾತಾಡಾಕ ಹತ್ಯಾರ” ಅಂದಳು ಅವ್ವ.

ಈಗ ಎಂಟಕ್ಕೆ ಅಡುಗೆ ಮುಗಿಸಿ ಪಕ್ಕದಲ್ಲೇ ಕೂರುತ್ತೇನೆ. ಸಂಗೀತ ಬಂದ ಕೂಡಲೇ ಎರಡೇ ಮಾತು: “ನಿಂತಾಳ. ಅಳಾಕ ಹತ್ಯಾಳ.”