ರಾತ್ರಿ 2 ಗಂಟೆಯ ಟಿಕ್ ಮಾರ್ಕ್

ಭಾನುವಾರ ಸಂಜೆ ಆರೈಕೆ ಕೇಂದ್ರದಲ್ಲಿ ದೊಡ್ಡಮ್ಮನ ಮಂಚಕ್ಕೆ ನೇತುಹಾಕಿದ್ದ, ಮಗ್ಗುಲು ಬದಲಿಸಿದ್ದನ್ನು ಗುರುತು ಹಾಕುವ ಚಾರ್ಟ್ ನೋಡಿದಾಗಿನಿಂದ ಮನಸ್ಸು ಸರಿ ಇಲ್ಲ. ಆಗಿನ್ನೂ ಗಂಟೆ ಐದೂವರೆ. ಚಾರ್ಟಿನಲ್ಲಿ 6, 8, 10, 12, ರಾತ್ರಿ 2, ಬೆಳಗಿನ ಜಾವ 4, ಎಲ್ಲದರ ಮುಂದೆಯೂ ಟಿಕ್ ಬಿದ್ದಿತ್ತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ.

“ರಾತ್ರಿ ಎರಡು ಗಂಟೆ ಇನ್ನೂ ಆಗಿಲ್ವಲ್ಲಮ್ಮಾ?” ಎಂದೆ.

“ಆಮೇಲೆ ಬರೆಯೋಕೆ ಟೈಮ್ ಸಿಗಲ್ಲ ಅಕ್ಕ, ಅದಕ್ಕೇ ಈಗಲೇ ಬರೆದಿಟ್ಟೆ” ಎಂದಳು ಅಲ್ಲಿ ದೊಡ್ಡಮ್ಮನನ್ನು ನೋಡಿಕೊಳ್ಳುವ ಹುಡುಗಿ. ಮುಚ್ಚಿಡುವ ಭಾವನೆ ಒಂಚೂರೂ ಇರಲಿಲ್ಲ. ನಾನು ಕೇಳಿದ್ದೇ ಅವಳಿಗೆ ವಿಚಿತ್ರ ಅನಿಸಿತು.

ದೊಡ್ಡಮ್ಮನಿಗೆ ಬೆನ್ನಿನ ಕೆಳಗೆ ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆಗುವ ಹುಣ್ಣು ಆಗಿದೆ. ಎರಡನೇ ಹಂತ, ಮೇಲಿನ ಚರ್ಮ ಕಿತ್ತುಬಂದಿದೆ. ಡಾಕ್ಟರು ಸ್ಪಷ್ಟವಾಗಿ ಬರೆದುಕೊಟ್ಟಿದ್ದರು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸಲೈನ್‌ನಲ್ಲಿ ತೊಳೆದು ಡ್ರೆಸ್ಸಿಂಗ್ ಮಾಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ತಲೆ ಕಡೆ 30 ಡಿಗ್ರಿಗಿಂತ ಜಾಸ್ತಿ ಎತ್ತಬೇಡಿ, ಮೈ ಕೆಳಗೆ ಜಾರಿ ಚರ್ಮ ಎಳೆಯುತ್ತದೆ. ಪ್ರೋಟೀನ್ ಜಾಸ್ತಿ ಕೊಡಿ. ನಮ್ಮಂಥ ಕಂದು ಮೈಯಲ್ಲಿ ಕೆಂಪು ಬೇಗ ಕಾಣಲ್ಲ, ದಿನಾ ಮುಟ್ಟಿ ನೋಡಿ, ಬಿಸಿ ಅಥವಾ ಗಟ್ಟಿ ಅನಿಸಿದರೆ ತಕ್ಷಣ ಹೇಳಿ ಅಂತಲೂ ತಿಳಿಸಿದ್ದರು. ಒಳ್ಳೆಯ ಡಾಕ್ಟರು.

ಮನೆಗೆ ಬಂದು ತಿಂಗಳ ಬಿಲ್ ತೆಗೆದು ನೋಡಿದೆ. ಏರ್ ಬೆಡ್ (ಗಾಳಿ ತುಂಬಿದ ಹಾಸಿಗೆ) ಬಾಡಿಗೆ ಇದೆ. ಡ್ರೆಸ್ಸಿಂಗ್ ಚಾರ್ಜ್ ಇದೆ. ಪ್ರೋಟೀನ್ ಪೌಡರ್ ಇದೆ. ಅವೆಲ್ಲ ತಪ್ಪದೆ ನಡೆದಿವೆ, ನಾನೇ ಕಣ್ಣಾರೆ ನೋಡಿದ್ದೇನೆ. ಬಿಲ್ಲಿನಲ್ಲಿ ಇಲ್ಲದ್ದು ಒಂದೇ, ಮಗ್ಗುಲು ಬದಲಿಸುವುದು. ಹುಣ್ಣು ವಾಸಿಯಾಗಲು ಎಲ್ಲಕ್ಕಿಂತ ಮೊದಲು ಬೇಕಾದದ್ದೂ ಅದೇ. ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಸಿಕ್ಕಿಕೊಂಡರೆ ಅಲ್ಲಿಗೆ ರಕ್ತ ಹೋಗಲ್ಲ. ಆ ಭಾರ ಇಳಿಸದೆ ಮೇಲೆ ಎಷ್ಟು ದುಬಾರಿ ಮುಲಾಮು ಹಚ್ಚಿದರೇನು?

ಮ್ಯಾನೇಜರ್ “ಏರ್ ಬೆಡ್ ಇದೆಯಲ್ಲ ಮೇಡಂ” ಅಂದರು. ಏರ್ ಬೆಡ್ ಹಾಕಿದರೂ ಮಗ್ಗುಲು ಬದಲಿಸಲೇಬೇಕು. ಇದು ಅವರಿಗೆ ಗೊತ್ತಿಲ್ಲ ಅಂತ ನಾನು ನಂಬಲ್ಲ. ನಮ್ಮ ಚಿಕ್ಕಪ್ಪ ಬೇರೆ “ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ” ಅಂತಾರೆ. ತಿಂಗಳಿಗೊಮ್ಮೆ ಸೇಬು ತಂದು ತಲೆದಿಂಬಿನ ಪಕ್ಕ ಇಟ್ಟು ಹೋಗುವವರು ಅವರು. ಬೆನ್ನು ನೋಡಿದವರಲ್ಲ.

ಆ ಹುಡುಗಿಯ ಮೇಲೆ ಮಾತ್ರ ನನಗೆ ಸಿಟ್ಟು ಬರ್ತಿಲ್ಲ. ಆ ಮಹಡಿಯಲ್ಲಿ ಹಾಸಿಗೆ ಹಿಡಿದವರು 14 ಜನ. ರಾತ್ರಿ ಇರುವವರು ಇಬ್ಬರು. ಒಬ್ಬಳೇ ಎಳೆದು ತಿರುಗಿಸಿದರೆ ಚರ್ಮ ಉಜ್ಜಿ ಇನ್ನೊಂದು ಗಾಯ ಆಗುತ್ತದೆ, ಇಬ್ಬರೂ ಸೇರಿಯೇ ಎತ್ತಿ ತಿರುಗಿಸಬೇಕು. ಒಬ್ಬರಿಗೆ 5 ನಿಮಿಷ ಅಂದರೂ ಒಂದು ಸುತ್ತಿಗೆ 70 ನಿಮಿಷ ಬೇಕು. ಮತ್ತೆ ಡಯಾಪರ್ ಬದಲಿಸಬೇಕು, ನೀರು ಕೊಡಬೇಕು, ಕೂಗಿದವರ ಹತ್ತಿರ ಓಡಬೇಕು. ಡಾಕ್ಟರ ಮಾತನ್ನು ಅವಳು ಪಾಲಿಸಬೇಕು ಅಂದರೆ ಅವಳ ಜೊತೆ ಇನ್ನೂ ಜನ ಇರಬೇಕು, ಅಲ್ವಾ? “ಟೈಮ್ ಸಿಗಲ್ಲ ಅಕ್ಕ” ಅಂದಾಗ ಅವಳು ಹೇಳಿದ್ದು ಪೂರ್ತಿ ನಿಜ. ಸುಳ್ಳಾಗಿದ್ದು ಚಾರ್ಟ್ ಒಂದೇ. ಆ ಸುಳ್ಳನ್ನು ಕೇಳಿ ಬರೆಸಿಕೊಳ್ಳುವವರು ಕೆಳಗೆ ಆಫೀಸಿನಲ್ಲಿ ಕೂತಿದ್ದಾರೆ.

ರಾತ್ರಿಗೆ ಇನ್ನಿಬ್ಬರನ್ನು ಇಡಿ, ನಮ್ಮ ಪಾಲಿನ ಖರ್ಚು ಬಿಲ್ಲಿಗೆ ಹಾಕಿ, ಕೊಡ್ತೇವೆ ಎಂದು ಬರೆದುಕೊಟ್ಟಿದ್ದೇನೆ. ಮಾಲೀಕರನ್ನು ಕೇಳಿ ಹೇಳ್ತಾರಂತೆ. ಅಷ್ಟರಲ್ಲಿ ಆ ಮಹಡಿಯ ಉಳಿದವರ ಮನೆಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಿದ್ದೇನೆ. ಬಂದಾಗ ಚಾರ್ಟ್ ಓದಿ, ಆಮೇಲೆ ಹೊದಿಕೆ ಸರಿಸಿ ಬೆನ್ನನ್ನೂ ನೋಡಿ ಅಂತ ಎಲ್ಲರಿಗೂ ಹೇಳ್ತಿದ್ದೇನೆ.