ಮೈತ್ರಿಗೆಂದು ಮತ ಹಾಕಿದವರು ಯಾರು?

ಒಂದು ಪಕ್ಷ ಕರೆದ ಸಮಾವೇಶಕ್ಕೆ ಹೋಗುವವನಿಗೆ ತಾನು ಯಾರ ಪರವಾಗಿ ನಿಂತಿದ್ದೇನೆ ಎಂಬುದರಲ್ಲಿ ಗೊಂದಲವಿರುವುದಿಲ್ಲ. ಅವನು ಆ ಪಕ್ಷಕ್ಕೆ ಮತ ಹಾಕಿದವನು, ಇಲ್ಲವೇ ಮುಂದೆ ಹಾಕಲಿರುವವನು. ಆದರೆ ಚುನಾವಣೆ ಮುಗಿದ ಬಳಿಕ ಎರಡು ಮೂರು ಪಕ್ಷಗಳು ಸೇರಿ ರಚಿಸಲು ಹೊರಟ ಸರ್ಕಾರವೊಂದಕ್ಕೆ ಬೆಂಬಲ ಸೂಚಿಸಲು ಜನ ಮೈದಾನದಲ್ಲಿ ಸೇರಿದರೆ ಅದು ಬೇರೆಯೇ ಬಗೆಯ ಸಭೆ. ನಮ್ಮ ಮತಯಂತ್ರದಲ್ಲಾಗಲಿ ಕೆನಡಾದ ಮತಪತ್ರದಲ್ಲಾಗಲಿ ಮೈತ್ರಿಗೆಂದು ಪ್ರತ್ಯೇಕ ಜಾಗವಿರುವುದಿಲ್ಲ. ಅಲ್ಲಿ ಸೇರಿದ ಪ್ರತಿಯೊಬ್ಬನೂ ಮೈತ್ರಿಯ ಒಂದು ಭಾಗಕ್ಕೆ ಮಾತ್ರ ಮತ ಹಾಕಿರುತ್ತಾನೆ, ಮತ್ತು ಎಷ್ಟೋ ಸಲ ಇನ್ನೊಂದು ಭಾಗವನ್ನು ಸೋಲಿಸುವುದಕ್ಕೆಂದೇ ಹಾಕಿರುತ್ತಾನೆ.

ಈ ವಿಷಯ ಬಂದಾಗಲೆಲ್ಲ ನನಗೆ 2008ರ ಡಿಸೆಂಬರ್ ತಿಂಗಳ ಕೆನಡಾ ನೆನಪಾಗುತ್ತದೆ. ಉಡುಪಿಯಲ್ಲಿ ಕುಳಿತು ಕೆನಡಾದ ರಾಜಕೀಯ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಶಿರ್ವ, ಮೂಡುಬೆಳ್ಳೆ, ಕಲ್ಯಾಣಪುರದ ಕಡೆಯ ಎಷ್ಟೋ ಮನೆಗಳಲ್ಲಿ ಟೊರೊಂಟೊ ಮತ್ತು ಮಿಸಿಸಾಗಾದ ಸುದ್ದಿ ಬೆಂಗಳೂರಿನ ಸುದ್ದಿಯಷ್ಟೇ ಹತ್ತಿರದ್ದು. ನನ್ನ ಭಾವನವರೂ ಆಗ ಅಲ್ಲಿದ್ದರು, ಇನ್ನೂ ಪೌರತ್ವ ಸಿಕ್ಕಿರದ ಕಾರಣ ಮತದ ಹಕ್ಕಿಲ್ಲದೆ ಎಲ್ಲವನ್ನೂ ಬದಿಯಲ್ಲಿ ನಿಂತು ನೋಡುತ್ತಿದ್ದರು.

ಆ ವರ್ಷದ ಅಕ್ಟೋಬರ್ 14ರಂದು ನಡೆದ ಚುನಾವಣೆಯಲ್ಲಿ, ಸಂಸತ್ತಿನ ಕೆಳಮನೆಯಾದ 308 ಸ್ಥಾನಗಳ ಹೌಸ್ ಆಫ್ ಕಾಮನ್ಸ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಪಕ್ಷ 143 ಸ್ಥಾನ ಪಡೆದು, ಬಹುಮತವಿಲ್ಲದೆಯೇ ಅಧಿಕಾರದಲ್ಲಿ ಮುಂದುವರಿಯಿತು. ಲಿಬರಲ್ ಪಕ್ಷಕ್ಕೆ 77, ಕ್ವಿಬೆಕ್ ಪ್ರಾಂತದ ಪ್ರತ್ಯೇಕತಾವಾದಿ ಬ್ಲಾಕ್ ಕ್ವಿಬೆಕ್ವಾಗೆ 49, ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ 37 ಸ್ಥಾನ ಬಂದಿದ್ದವು. ಜಗತ್ತಿನ ಹಣಕಾಸು ವ್ಯವಸ್ಥೆಯೇ ಕುಸಿಯುತ್ತಿದ್ದ ಕಾಲ ಅದು. ನವೆಂಬರ್ 27ರಂದು ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ ಮಂಡಿಸಿದ ಆರ್ಥಿಕ ಹೇಳಿಕೆಯಲ್ಲಿ ಉದ್ಯೋಗ ಉಳಿಸುವ ದೊಡ್ಡ ಯೋಜನೆಯೇನೂ ಇರಲಿಲ್ಲ. ಬದಲಿಗೆ, ಪಕ್ಷಗಳು ಪಡೆದ ಪ್ರತಿ ಮತಕ್ಕೆ ವರ್ಷಕ್ಕೆ 1.95 ಡಾಲರಿನಂತೆ ಸಿಗುತ್ತಿದ್ದ ಸರ್ಕಾರಿ ಅನುದಾನವನ್ನು ರದ್ದುಪಡಿಸುವ ಮತ್ತು 2011ರವರೆಗೆ ಸರ್ಕಾರಿ ನೌಕರರ ಮುಷ್ಕರದ ಹಕ್ಕನ್ನು ತಡೆಹಿಡಿಯುವ ಪ್ರಸ್ತಾವಗಳಿದ್ದವು. ದಾನಿಗಳ ದೊಡ್ಡ ಬಳಗವಿದ್ದ ಕನ್ಸರ್ವೇಟಿವ್ ಪಕ್ಷಕ್ಕೆ ಅನುದಾನ ಹೋದರೂ ನಡೆಯುತ್ತಿತ್ತು, ಉಳಿದವರಿಗೆ ಅದು ಉಸಿರುಗಟ್ಟಿಸುವ ಮಾತು. ವಿರೋಧ ಪಕ್ಷಗಳನ್ನು ಒಂದುಗೂಡಿಸಿದ್ದು ತತ್ತ್ವವೋ ಅನುದಾನವೋ ಎಂಬ ಪ್ರಶ್ನೆಯನ್ನು ಆಗಲೇ ಹಲವರು ಕೇಳಿದ್ದರು. ಎರಡೂ ಇರಬೇಕು ಎಂದು ನನ್ನ ಎಣಿಕೆ.

ಡಿಸೆಂಬರ್ 1ರಂದು ಲಿಬರಲ್ ನಾಯಕ ಸ್ಟೆಫಾನ್ ಡಿಯೋನ್ ಮತ್ತು ನ್ಯೂ ಡೆಮಾಕ್ರಟಿಕ್ ಪಕ್ಷದ ಜ್ಯಾಕ್ ಲೇಟನ್ ಮೈತ್ರಿ ಸರ್ಕಾರದ ಒಪ್ಪಂದಕ್ಕೆ ಸಹಿ ಹಾಕಿದರು. ಬ್ಲಾಕ್ ಪಕ್ಷದ ಜಿಲ್ ದ್ಯುಸೆಪ್ ಸಂಪುಟ ಸೇರದೆ, ಹದಿನೆಂಟು ತಿಂಗಳು ಹೊರಗಿನಿಂದ ಬೆಂಬಲಿಸುವುದಾಗಿ ಮಾತುಕೊಟ್ಟರು. ಲೆಕ್ಕ ಸರಳವಾಗಿತ್ತು: ಮೈತ್ರಿಯ ಎರಡು ಪಕ್ಷಗಳದ್ದು ಸೇರಿದರೂ 114, ಅದು ಕನ್ಸರ್ವೇಟಿವ್ ಸಂಖ್ಯೆಗಿಂತ ಕಡಿಮೆ, ಬ್ಲಾಕ್ ಸೇರಿದರೆ 163, ಅದು ಬಹುಮತ. ಅವಿಶ್ವಾಸದ ಮತ ಡಿಸೆಂಬರ್ 8ಕ್ಕೆ ನಿಗದಿಯಾಗಿತ್ತು. ಆದರೆ ನಾಲ್ಕನೆಯ ತಾರೀಕಿನಂದು ಹಾರ್ಪರ್, ಯುರೋಪ್ ಪ್ರವಾಸವನ್ನು ಅರ್ಧದಲ್ಲೇ ಬಿಟ್ಟು ಬಂದಿದ್ದ, ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಮಿಶೆಲ್ ಜಾನ್ ಅವರನ್ನು ಭೇಟಿಯಾಗಿ, ಎರಡು ಗಂಟೆಗೂ ಹೆಚ್ಚು ಹೊತ್ತಿನ ಮಾತುಕತೆಯ ಬಳಿಕ, ಅಧಿವೇಶನವನ್ನೇ ಮುಕ್ತಾಯಗೊಳಿಸಿ ಜನವರಿ 26ರವರೆಗೆ ಸಂಸತ್ತನ್ನು ಮುಚ್ಚುವ ಅನುಮತಿ ಪಡೆದರು. ಮೂರು ವಾರವೂ ತುಂಬದ ಅಧಿವೇಶನ ಅಲ್ಲಿಗೆ ಮುಗಿಯಿತು. ವಿಶ್ವಾಸವಿದೆಯೋ ಇಲ್ಲವೋ ಎಂದು ಹೇಳಬೇಕಾದ ಸದನಕ್ಕೆ, ವಿಶ್ವಾಸ ಕಳೆದುಕೊಳ್ಳಲಿದ್ದ ಪ್ರಧಾನಿಯ ಸಲಹೆಯ ಮೇಲೆಯೇ ಬೀಗ ಬಿತ್ತು.

ಜನ ಬೀದಿಗೆ ಬಂದದ್ದು ಇದಾದ ನಂತರ. ಡಿಸೆಂಬರ್ 6ರ ಶನಿವಾರ ದೇಶದ ಹಲವು ನಗರಗಳಲ್ಲಿ ಮೈತ್ರಿಯ ಪರವಾಗಿಯೂ ವಿರುದ್ಧವಾಗಿಯೂ ಸಭೆಗಳು ನಡೆದವು. ಟೊರೊಂಟೊ ನಗರ ಸಭಾಭವನದ ಎದುರಿನ ನೇಥನ್ ಫಿಲಿಪ್ಸ್ ಚೌಕದಲ್ಲಿ ಡಿಯೋನ್ ಮತ್ತು ಲೇಟನ್ ಇಬ್ಬರೂ ಮಾತನಾಡಿದರು. ಕಾರ್ಮಿಕ ಸಂಘಟನೆಗಳು ಜನರನ್ನು ಕರೆತಂದಿದ್ದವು. ಭಾವನವರು ಕುತೂಹಲಕ್ಕೆಂದು ಹೋಗಿ ಬಂದು ನನಗೊಂದು ದೀರ್ಘ ಮಿಂಚಂಚೆ ಬರೆದಿದ್ದರು. ಅದರಲ್ಲಿ ಚಳಿಯ ವರ್ಣನೆಯೇ ಹೆಚ್ಚಾಗಿತ್ತು, ಆದರೆ ನಡುವೆ ಒಂದು ಮಾತು ಇತ್ತು: ಕೆಂಪು ಬಾವುಟದ ಲಿಬರಲ್ ಕಾರ್ಯಕರ್ತರು ಮತ್ತು ಕಿತ್ತಳೆ ಬಣ್ಣದ ನ್ಯೂ ಡೆಮಾಕ್ರಟರು ಮೊದಲಿಗೆ ತಮ್ಮ ತಮ್ಮ ನಾಯಕರಿಗೆ ಮಾತ್ರ ಚಪ್ಪಾಳೆ ತಟ್ಟುತ್ತಿದ್ದರಂತೆ, ಸಂಸತ್ತಿನ ಬಾಗಿಲು ತೆರೆಯಿರಿ ಎಂಬ ಮಾತು ಬಂದಾಗ ಮಾತ್ರ ಎಲ್ಲರದೂ ಒಂದೇ ದನಿಯಾಯಿತಂತೆ.

ಆ ಸಭೆಗಳನ್ನು ಸಂಖ್ಯೆಯ ಪ್ರದರ್ಶನವೆಂದು ನೋಡಿದವರು ತಪ್ಪು ಕಡೆ ನೋಡಿದರು ಎನ್ನುವುದು ನನ್ನ ಅಭಿಪ್ರಾಯ. ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಬಲ ಎಣಿಸುವ ಜಾಗ ಸದನವೊಂದೇ. ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಬಹುಮತ ಸಾಬೀತಾಗಬೇಕಾದದ್ದು ಸದನದ ಒಳಗೆ, ರಾಜ್ಯಪಾಲರ ಎಣಿಕೆಯಲ್ಲಿ ಅಲ್ಲ. ರಾಜ್ಯಪಾಲರಿಗೇ ಇಲ್ಲದ ಆ ಅಧಿಕಾರ ಮೈದಾನದಲ್ಲಿ ಸೇರಿದವರಿಗೆ ಎಲ್ಲಿಂದ ಬರಬೇಕು? ಮೈತ್ರಿಯ ಬೆಂಬಲಿಗರಾದರೋ ಶೇಕಡ 62ರಷ್ಟು ಜನ ಹಾರ್ಪರ್ ಪಕ್ಷಕ್ಕೆ ಮತ ಹಾಕಿಲ್ಲ ಎಂಬ ವಾದ ಮುಂದಿಡುತ್ತಿದ್ದರು. ಲೆಕ್ಕ ಸುಳ್ಳಲ್ಲ, ಕನ್ಸರ್ವೇಟಿವ್ ಮತಪ್ರಮಾಣ 38ರ ಆಸುಪಾಸಿನಲ್ಲಿತ್ತು. ಆದರೆ ಒಬ್ಬರನ್ನು ಬೇಡವೆಂದವರೆಲ್ಲ ಇನ್ನೊಬ್ಬರನ್ನು ಬೇಕೆಂದರು ಎಂದು ಹೇಳಲಾಗುವುದಿಲ್ಲ. ಅದರಲ್ಲೂ ಡಿಯೋನ್, ಚುನಾವಣೆಯ ಸೋಲಿನ ಬಳಿಕ ತಾವು ನಾಯಕತ್ವ ಬಿಡುವುದಾಗಿ ಅದಾಗಲೇ ಘೋಷಿಸಿದ್ದವರು. ಹೊರಟು ನಿಂತ ನಾಯಕನನ್ನು ಪ್ರಧಾನಿ ಮಾಡಿ ಎಂದು ಚೌಕದಲ್ಲಿ ನಿಂತು ಕೂಗುವುದು ಅವರದೇ ಪಕ್ಷದವರಿಗೂ ಸುಲಭವಾಗಿರಲಾರದು.

ಹಾರ್ಪರ್ ವಾದವೂ ಪ್ರಾಮಾಣಿಕವಾಗಿರಲಿಲ್ಲ. ಸೋತವರು ಪ್ರತ್ಯೇಕತಾವಾದಿಗಳ ಜೊತೆ ಸೇರಿ ಅಧಿಕಾರ ಕಸಿಯುತ್ತಿದ್ದಾರೆ, ಚುನಾವಣೆಯಿಲ್ಲದೆ ಸರ್ಕಾರ ಬದಲಾಗಕೂಡದು ಎಂದು ಅವರು ಹೇಳುತ್ತಿದ್ದರು. ಆದರೆ 2004ರ ಸೆಪ್ಟೆಂಬರ್‌ನಲ್ಲಿ ತಾವೇ ವಿರೋಧ ಪಕ್ಷದ ನಾಯಕರಾಗಿದ್ದಾಗ, ಇದೇ ಲೇಟನ್ ಮತ್ತು ಇದೇ ದ್ಯುಸೆಪ್ ಜೊತೆ ಸೇರಿ, ಸರ್ಕಾರ ಬಿದ್ದರೆ ಸದನವನ್ನು ವಿಸರ್ಜಿಸುವ ಮುನ್ನ ವಿರೋಧ ಪಕ್ಷಗಳನ್ನೂ ವಿಚಾರಿಸಿ ಎಂದು ಅಂದಿನ ಗವರ್ನರ್ ಜನರಲ್ ಅವರಿಗೆ ಪತ್ರ ಬರೆದವರು ಅವರು. ಅಧಿಕಾರದಲ್ಲಿದ್ದಾಗ ಒಂದು ಸಂವಿಧಾನ, ಇಲ್ಲದಾಗ ಇನ್ನೊಂದು ಎಂಬುದು ನಮ್ಮವರಿಗಷ್ಟೇ ಗೊತ್ತಿರುವ ವಿದ್ಯೆಯಲ್ಲ.

ಆದರೂ ಅವರ ವಾದಕ್ಕೆ ಕಿವಿಗೊಟ್ಟವರಿದ್ದರು. ಅದು ಯಾಕೆ ಎಂಬುದು ಕರಾವಳಿಯವನಾದ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪಶ್ಚಿಮದ ಆಲ್ಬರ್ಟಾ ಪ್ರಾಂತದ 28 ಸ್ಥಾನಗಳಲ್ಲಿ 27 ಕನ್ಸರ್ವೇಟಿವ್ ಪಕ್ಷದವು. ಅಲ್ಲಿನವನಿಗೆ ಮೈತ್ರಿ ಎಂದರೆ ತನ್ನ ಇಡೀ ಪ್ರಾಂತವನ್ನು ಹೊರಗಿಟ್ಟು ಟೊರೊಂಟೊ ಮತ್ತು ಮಾಂಟ್ರಿಯಲ್‌ನವರು ಮಾಡಿಕೊಂಡ ವ್ಯವಸ್ಥೆ. ಕರ್ನಾಟಕದಲ್ಲಿ 2018ರ ಮೇ ತಿಂಗಳಲ್ಲಿ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದಕ್ಷಿಣ ಕನ್ನಡದ 8 ಕ್ಷೇತ್ರಗಳಲ್ಲಿ 7, ಉಡುಪಿ ಜಿಲ್ಲೆಯ 5ರಲ್ಲಿ 5 ಬಿಜೆಪಿಯ ಪಾಲಾಗಿದ್ದವು. ಮಂಗಳೂರು ಕ್ಷೇತ್ರದಲ್ಲಿ ಯು.ಟಿ. ಖಾದರ್ ಒಬ್ಬರೇ ಕಾಂಗ್ರೆಸ್ಸಿನಿಂದ ಉಳಿದದ್ದು. ರಾಜ್ಯದಲ್ಲಿ 104 ಸ್ಥಾನಗಳ ಬಿಜೆಪಿಯನ್ನು ಬದಿಗಿಟ್ಟು, 78ರ ಕಾಂಗ್ರೆಸ್ 37ರ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟು ಸರ್ಕಾರ ರಚಿಸಿದಾಗ, ಲೆಕ್ಕದ ಪ್ರಕಾರ ಅದರಲ್ಲಿ ದೋಷವೇನೂ ಇರಲಿಲ್ಲ. ಆದರೆ ಉಡುಪಿ ಜಿಲ್ಲೆಯಿಂದ ಆ ಸರ್ಕಾರಕ್ಕೆ ಒಬ್ಬ ಶಾಸಕನೂ ಇರಲಿಲ್ಲ. ಉಸ್ತುವಾರಿ ಸಚಿವೆಯಾಗಿ ವಿಧಾನ ಪರಿಷತ್ ಸದಸ್ಯೆ ಜಯಮಾಲಾ ಅವರು ಬೆಂಗಳೂರಿನಿಂದ ಬರಬೇಕಾಯಿತು. ದೋಸ್ತಿ ಸರ್ಕಾರ ಎಂದು ಟಿವಿಯವರು ಕರೆಯುತ್ತಿದ್ದುದನ್ನು ನಮ್ಮೂರಿನವರು ಪಕ್ಕದ ರಾಜ್ಯದ ಸುದ್ದಿಯನ್ನು ಕೇಳುವಂತೆ ಕೇಳುತ್ತಿದ್ದರು.

ಮೈತ್ರಿಯೆಂಬುದು ನಮ್ಮ ಮನೆ ಬಾಗಿಲಿಗೆ ಬಂದದ್ದು 2019ರ ಲೋಕಸಭಾ ಚುನಾವಣೆಯಲ್ಲಿ, ಅದೂ ಬಹಳ ವಿಲಕ್ಷಣವಾದ ರೂಪದಲ್ಲಿ. ಸ್ಥಾನ ಹಂಚಿಕೆಯಲ್ಲಿ ಉಡುಪಿ–ಚಿಕ್ಕಮಗಳೂರು ಕ್ಷೇತ್ರ ಜೆಡಿಎಸ್ ಪಾಲಿಗೆ ಹೋಯಿತು. ಉಡುಪಿಯ ಕಡೆ ಆ ಪಕ್ಷಕ್ಕೆ ಹೇಳಿಕೊಳ್ಳುವಂತಹ ನೆಲೆಯೇ ಇರಲಿಲ್ಲವಾದ್ದರಿಂದ, ಕಾಂಗ್ರೆಸ್ಸಿನವರೇ ಆಗಿದ್ದ ಮಾಜಿ ಸಚಿವ ಪ್ರಮೋದ್ ಮಧ್ವರಾಜ್ ಜೆಡಿಎಸ್ ಚಿಹ್ನೆಯಡಿ ಸ್ಪರ್ಧಿಸಿದರು. ಅಜ್ಜನ ಕಾಲದಿಂದಲೂ ಕೈ ಗುರುತಿಗೆ ಓಟು ಹಾಕುತ್ತ ಬಂದ ಮನೆಗಳಿಗೆ ಹೋಗಿ, ಈ ಸಲ ತೆನೆ ಹೊತ್ತ ಮಹಿಳೆಗೆ ಹಾಕಿ ಎಂದು ಕಾಂಗ್ರೆಸ್ ಕಾರ್ಯಕರ್ತರು ಹೇಳಬೇಕಾಯಿತು. ನಮ್ಮ ಬೀದಿಗೂ ಅವರು ಬಂದಿದ್ದರು, ಕಾಂಗ್ರೆಸ್ ಶಾಲು ಹೊದ್ದು ಜೆಡಿಎಸ್ ಕರಪತ್ರ ಹಿಡಿದಿದ್ದರು. ಯಾವ ಪಕ್ಷದವರು ನೀವು ಎಂದು ಎದುರು ಮನೆಯ ಹಿರಿಯರು ಕೇಳಿದಾಗ ಅವರಿಗೆ ಚುಟುಕಾಗಿ ಉತ್ತರ ಕೊಡಲಾಗಲಿಲ್ಲ. ವೇದಿಕೆಗಳ ಮೇಲೆ ಎರಡೂ ಪಕ್ಷಗಳ ಬಾವುಟಗಳಿದ್ದವು, ಕೆಳಗೆ ಕುಳಿತವರು ಮಾತ್ರ ಒಂದೇ ಪಕ್ಷದವರು. ಶೋಭಾ ಕರಂದ್ಲಾಜೆ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ರಾಜ್ಯದ 28 ಸ್ಥಾನಗಳಲ್ಲಿ ಮೈತ್ರಿಗೆ ದಕ್ಕಿದ್ದು ಎರಡೇ, ಪಕ್ಷಕ್ಕೊಂದರಂತೆ. ತುಮಕೂರಿನಲ್ಲಿ ದೇವೇಗೌಡರೇ ಸೋತರು.

ಸೋಲಿಗೆ ಕಾರಣಗಳು ಹಲವು, ಆ ವರ್ಷ ಮೈತ್ರಿಯಿಲ್ಲದಿದ್ದರೂ ಗೆಲ್ಲುವುದು ಕಷ್ಟವೇ ಇತ್ತು. ನಾನು ಹೇಳಬೇಕೆಂದಿರುವುದು ಅಷ್ಟರ ಮಟ್ಟಿಗೆ ಮಾತ್ರ: 2018ರ ಮೇ 23ರಂದು ವಿಧಾನಸೌಧದ ಮುಂದೆ ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಕೈ ಕೈ ಹಿಡಿದು ಮೇಲೆತ್ತಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು, ಆದರೆ ಅದು ನಾಯಕರ ಕೈ. ಹಳೆ ಮೈಸೂರಿನ ಊರುಗಳಲ್ಲಿ ದಶಕಗಳಿಂದ ಪಂಚಾಯಿತಿಯಿಂದ ಹಿಡಿದು ಹಾಲಿನ ಡೈರಿಯವರೆಗೆ ಎದುರಾಬದುರು ನಿಂತಿದ್ದ ಎರಡು ಪಕ್ಷಗಳ ಕಾರ್ಯಕರ್ತರು ಒಂದೇ ಕಡೆ ಸೇರಿ ಈ ಸರ್ಕಾರ ನಮ್ಮದು ಎಂದು ಹೇಳಿದ ಒಂದು ಸಭೆಯೂ ಆ ಮೊದಲ ತಿಂಗಳುಗಳಲ್ಲಿ ನನ್ನ ಗಮನಕ್ಕೆ ಬರಲಿಲ್ಲ. ಟೊರೊಂಟೊದಲ್ಲಿ ಕಡೆಯಪಕ್ಷ ಒಂದು ಶನಿವಾರದ ಮಟ್ಟಿಗಾದರೂ ಅದು ಸಾಧ್ಯವಾಗಿತ್ತು. ಮೈತ್ರಿಯ ಪರವಾದ ಸಮಾವೇಶದ ನಿಜವಾದ ಉಪಯೋಗ ಅಲ್ಲಿದೆ ಎಂದು ನಾನು ನಂಬಿದ್ದೇನೆ. ಅದು ಪ್ರಧಾನಿಗೋ ರಾಜ್ಯಪಾಲರಿಗೋ ತೋರಿಸುವ ಸಂಖ್ಯೆಯಲ್ಲ, ಎರಡು ಪಕ್ಷಗಳ ಮತದಾರರು ಒಬ್ಬರನ್ನೊಬ್ಬರು ಮೊದಲ ಬಾರಿಗೆ ನೋಡಿಕೊಳ್ಳುವ ಅವಕಾಶ.

2019ರ ಜುಲೈ ಬಂದಾಗ ಇದರ ಕೊರತೆ ಎದ್ದು ಕಂಡಿತು. ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲು ಸೇರಿದರು. ಕೆನಡಾದಲ್ಲಿ ಸದಸ್ಯರಿದ್ದರು, ಸದನ ಮುಚ್ಚಿತ್ತು. ಇಲ್ಲಿ ಸದನ ತೆರೆದಿತ್ತು, ಸದಸ್ಯರಿರಲಿಲ್ಲ. ಅತೃಪ್ತರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಜುಲೈ 17ರಂದು ಹೇಳಿತು, ಮರುದಿನ ಆರಂಭವಾದ ವಿಶ್ವಾಸಮತದ ಚರ್ಚೆ ಎಳೆದು ಎಳೆದು 23ಕ್ಕೆ ಮುಗಿದು, 99ಕ್ಕೆ 105ರಂತೆ ಸರ್ಕಾರ ಬಿತ್ತು. ಅಷ್ಟು ದಿನ ನಾವೆಲ್ಲ ಟಿವಿ ಮುಂದೆ ಕುಳಿತಿದ್ದೆವು. ಮಂಗಳೂರಿನ ನೆಹರೂ ಮೈದಾನದಲ್ಲಾಗಲಿ ಉಡುಪಿಯ ಅಜ್ಜರಕಾಡಿನಲ್ಲಾಗಲಿ ಈ ಸರ್ಕಾರ ಉಳಿಯಲಿ ಎಂದು ಹೇಳಲು ಜನ ಸೇರಿದ್ದನ್ನು ನಾನು ಕಾಣಲಿಲ್ಲ, ಸೇರಿದ್ದರೆ ಆಶ್ಚರ್ಯವಾಗುತ್ತಿತ್ತು.

ಕೆನಡಾದ ಮೈತ್ರಿಗೂ ಅದರ ಬೆಂಬಲಿಗರ ಸಭೆಗಳಿಂದ ಆಯುಸ್ಸು ಬರಲಿಲ್ಲ. ಡಿಯೋನ್ ಸಭೆಯ ಮರುವಾರವೇ ಕೆಳಗಿಳಿದರು. ಅವರ ಜಾಗಕ್ಕೆ ಬಂದ ಮೈಕೆಲ್ ಇಗ್ನಾಟಿಯೆಫ್, ಜನವರಿ 27ರಂದು ಮಂಡನೆಯಾದ ಬಜೆಟ್ಟನ್ನು ಕೆಲವು ಷರತ್ತುಗಳೊಂದಿಗೆ ಬೆಂಬಲಿಸಿ ಒಪ್ಪಂದಕ್ಕೆ ಅಂತ್ಯ ಹಾಡಿದರು. ಒಂದು ವರ್ಷದ ಬಳಿಕ ಹಾರ್ಪರ್ ಮತ್ತೊಮ್ಮೆ ಅಧಿವೇಶನ ಮುಕ್ತಾಯಗೊಳಿಸಿದಾಗ, 2010ರ ಜನವರಿ 23ರಂದು ದೇಶದಾದ್ಯಂತ ಮತ್ತೆ ಜನ ಸೇರಿದರು. ಈ ಸಲದ ಬೇಡಿಕೆಯಲ್ಲಿ ಮೈತ್ರಿಯಿರಲಿಲ್ಲ, ಸಂಸತ್ತು ಕೆಲಸಕ್ಕೆ ಮರಳಲಿ ಎಂಬುದಷ್ಟೇ ಇತ್ತು. ಯಾವ ಪಕ್ಷಕ್ಕೆ ಮತ ಹಾಕಿದವನೂ ಅಳುಕಿಲ್ಲದೆ ಕೂಗಬಹುದಾದ ಬೇಡಿಕೆ ಅದು. ಹೊತ್ತು ಹೋದ ಮೇಲೆ, 2011ರ ಚುನಾವಣೆಯಲ್ಲಿ, ಹಾರ್ಪರ್ ಪೂರ್ಣ ಬಹುಮತ ಪಡೆದರು. ಮೈತ್ರಿಯ ಹಿರಿಯ ಪಾಲುದಾರನಾಗಬೇಕಿದ್ದ ಲಿಬರಲ್ ಪಕ್ಷ 34ಕ್ಕೆ ಇಳಿಯಿತು, ಕಿರಿಯ ಪಾಲುದಾರನಾಗಬೇಕಿದ್ದ ಲೇಟನ್ ಪಕ್ಷ 103ಕ್ಕೆ ಏರಿತು.

ನಮ್ಮಲ್ಲಿ ಈಗಿರುವುದು ಬಿಜೆಪಿ ಮತ್ತು ಜೆಡಿಎಸ್ ನಡುವಿನ ಮೈತ್ರಿ. 2023ರ ಸೆಪ್ಟೆಂಬರ್‌ನಲ್ಲಿ, ಎರಡೂ ಪಕ್ಷಗಳು ರಾಜ್ಯದಲ್ಲಿ ವಿರೋಧ ಪಕ್ಷದಲ್ಲಿರುವಾಗಲೇ ಆದದ್ದು ಎಂಬ ಕಾರಣಕ್ಕೆ ನನಗೆ ಇದು ಕುತೂಹಲದ ವಿಷಯ: ಇವರು ಮೊದಲು ಒಟ್ಟಾಗಿ ಲೋಕಸಭಾ ಚುನಾವಣೆ ಎದುರಿಸಿದರು, ಆಮೇಲೆ 2024ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಒಟ್ಟಾಗಿ ಪಾದಯಾತ್ರೆ ಮಾಡಿದರು. ಅದು ಕೂಡ ಸಲೀಸಾಗಿ ಆಗಲಿಲ್ಲ. ಹಾಸನದ ಬಿಜೆಪಿ ಮಾಜಿ ಶಾಸಕರೊಬ್ಬರ ಜೊತೆ ಹೆಜ್ಜೆ ಹಾಕಲಾಗದು ಎಂದು ಕುಮಾರಸ್ವಾಮಿ ಮೊದಲು ಬೆಂಬಲ ನಿರಾಕರಿಸಿ, ಮಾತುಕತೆಯ ನಂತರ ಒಪ್ಪಿದರು. ದೆಹಲಿಯಲ್ಲಿ ವರ್ಷದ ಹಿಂದೆಯೇ ಮುಗಿದಿದ್ದ ಮಾತು ಹಾಸನದ ಮಟ್ಟಿಗೆ ಇನ್ನೂ ಮುಗಿದಿರಲಿಲ್ಲ ಎಂಬುದು ಆ ವಾರ ಎಲ್ಲರಿಗೂ ಗೊತ್ತಾಯಿತು.